18 ಕಿಲೋಮೀಟರ್ ತಾನೆ?

ಎತ್ತರದ ಬೆಟ್ಟದ ಕುರುಚಲು ಬಯಲನ್ನೂ ಅದರ ಕೆಳಗಿನ ಕಾಡನ್ನೂ ಒಂದೇ ದಿನದಲ್ಲಿ ಸುತ್ತಿ ಬರಲು ಹೊರಟವರು ಮೊದಲು ಕೇಳುವುದು, "ಒಟ್ಟು ಎಷ್ಟು ಕಿಲೋಮೀಟರ್?" 18 ಎಂದರೆ ಮುಖ ಅರಳುತ್ತದೆ. ಗಂಟೆಗೆ 5 ಕಿ.ಮೀ. ನಡೆದರೆ ಮೂರೂವರೆ ತಾಸು, ಬೆಳಿಗ್ಗೆ ಹತ್ತಕ್ಕೆ ಹೊರಟರೂ ಮಧ್ಯಾಹ್ನ ಎರಡರೊಳಗೆ ವಾಪಸ್! ಈ ಲೆಕ್ಕವನ್ನು ತಿದ್ದಿ ತಿದ್ದಿ ನಮ್ಮಂಥ ಗೈಡುಗಳಿಗೆ ಸಾಕಾಗಿದೆ. ಶೂ, ಮಳೆಕೋಟು, ನೀರಿನ ವಿಷಯ ಎಲ್ಲರೂ ಓದಿಕೊಂಡೇ ಬರುತ್ತಾರೆ, ಅದನ್ನು ಬಿಡೋಣ.

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿ.ಮೀ.ಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ದಾರಿ 18 ಕಿ.ಮೀ., ಏರು 1,100 ಮೀಟರ್ ಎನ್ನಿ. 3 ತಾಸು 36 ನಿಮಿಷಕ್ಕೆ 1 ತಾಸು 50 ನಿಮಿಷ ಸೇರಿ ಆಗಲೇ ಸುಮಾರು ಐದೂವರೆ ತಾಸಾಯಿತು. ಇದರಲ್ಲಿ ಊಟವಿಲ್ಲ, ಕೂರುವುದಿಲ್ಲ, ನೆಲ ಚೆನ್ನಾಗಿದೆ ಎಂದೇ ಲೆಕ್ಕ.

ನೆಲ ಚೆನ್ನಾಗಿರುವುದಿಲ್ಲ. ಹೆದರ್ ಎಂಬ ಪೊದೆಯ ಹೆಸರಿಗೆ ಹೆದರಬೇಕಿಲ್ಲ, ಅದರ ಬುಡಕ್ಕೆ ಹೆದರಬೇಕು. ಮೊಣಕಾಲೆತ್ತರದ ಆ ಹಸಿರಿನಡಿ ಕಲ್ಲಿದೆಯೋ ಗುಂಡಿಯೋ ಕಾಣುವುದಿಲ್ಲ. ಪಾದ ಊರಿ, ಭಾರ ನಿಲ್ಲುತ್ತದೆಯೇ ನೋಡಿ, ಆಮೇಲೆ ಇನ್ನೊಂದು ಕಾಲು ಎತ್ತಬೇಕು. ಜವುಗು ಸಿಕ್ಕರೆ ಕೋಲಿನ ಮೊನೆ ಹೂತು ಹೋಗುತ್ತದೆ. ಕೆಸರು ತಪ್ಪಿಸಲು ಪಕ್ಕಕ್ಕೆ ಸರಿದು ನಡೆದರೆ ಜಾಡು ಅಗಲವಾಗುತ್ತ ಹೋಗುತ್ತದೆ, ಅಲ್ಲಿ ತುಳಿದ ಗಿಡ ಚಿಗುರಲು ವರ್ಷಗಳೇ ಬೇಕು. ಶೂ ಒದ್ದೆಯಾಗಲಿ, ಜಾಡಿನ ನಡುವೆಯೇ ನಡೆಯಿರಿ. ಹೀಗಾಗಿ ಗಂಟೆಗೆ 5ರ ಬದಲು 4 ಹಿಡಿಯುವುದೇ ವಾಸಿ, ಮೋಡ ಕವಿದು ಜಾಡೇ ಮರೆಯಾಗುವ ದಿನ ಇನ್ನೂ ಕಡಿಮೆ.

ಇಳಿಜಾರಿನಲ್ಲಿ ಸಮಯ ಉಳಿಯುತ್ತದೆ ಅನ್ನುವುದು ಇನ್ನೊಂದು ಭ್ರಮೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಮಾರನೆಯ ದಿನದ ನೋವೆಲ್ಲ ಬಹುಪಾಲು ಅದರದ್ದೇ. ಕಾಡೊಳಗೆ ಒದ್ದೆ ಬೇರುಗಳು ಬೇರೆ. ಬೇರಿನ ಮೇಲೆ ಹೆಜ್ಜೆ ಇಡಬೇಡಿ, ದಾಟಿ ಇಡಿ. 12 ಡಿಗ್ರಿಗಿಂತ ಕಡಿದಾದ ಕಡೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಸೇರಿಸುವುದು ರೂಢಿ.

ಈಗ ಕೂಡಿ. ಗಂಟೆಗೆ 4ರಂತೆ ನಾಲ್ಕೂವರೆ ತಾಸು, ಏರಿಗೆ 1 ತಾಸು 50 ನಿಮಿಷ, 600 ಮೀಟರ್ ಕಡಿದಾದ ಇಳಿತಕ್ಕೆ 20 ನಿಮಿಷ, ದಣಿವಾರಿಸಿಕೊಳ್ಳಲು 50, ಊಟಕ್ಕೆ 30. ಸರಿಯಾಗಿ 8 ತಾಸು. ಹತ್ತಕ್ಕೆ ಹೊರಟವರು ಆರಕ್ಕೆ ಬರುತ್ತಾರೆ, ಅದೂ ಯಾರ ಕಾಲೂ ಉಳುಕದಿದ್ದರೆ. ಮರಗಳಡಿ ಕತ್ತಲೆ ಸೂರ್ಯಾಸ್ತಕ್ಕೆ ಕಾಯುವುದಿಲ್ಲ.

ಆದ್ದರಿಂದ ಸಂಜೆಯಿಂದ ಹಿಂದಕ್ಕೆ ಎಣಿಸಬೇಕು. ಸೂರ್ಯಾಸ್ತ ಆರಕ್ಕೆ, ಕಾಡಿನಿಂದ ಐದಕ್ಕೆ ಹೊರಬೀಳಬೇಕು, ಮೇಲಿನಿಂದ ವಾಪಸ್ ಬರಲು ಮೂರೂವರೆ ತಾಸು ಎಂದಾದರೆ ಒಂದೂವರೆಗೆ ಎಲ್ಲಿದ್ದರೂ ತಿರುಗಬೇಕು. ಇದನ್ನು ಬೆಳಿಗ್ಗೆ, ಹೊಟ್ಟೆ ತುಂಬಿ ತಲೆ ತಣ್ಣಗಿರುವಾಗಲೇ ಎಲ್ಲರೆದುರು ಹೇಳಿ ಒಪ್ಪಿಸಿಕೊಳ್ಳಿ. ಮೇಲೆ ಹೋದಮೇಲೆ "ಇನ್ನೊಂದು ಅರ್ಧ ಗಂಟೆ ಅಷ್ಟೇ" ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಒಳ್ಳೆಯವರೇ. ಆದರೆ ಹೋದ ಅರ್ಧ ಗಂಟೆಯ ದಾರಿಯನ್ನು ಮತ್ತೆ ವಾಪಸ್ ನಡೆಯಬೇಕಲ್ಲ?

ಲೆಕ್ಕ ಹಾಕುವುದು ಗುಂಪಿನ ಕೊನೆಯವರ ವೇಗಕ್ಕೆ. ಮುಂದಿನವರು ಹತ್ತು ನಿಮಿಷ ಕೂತಿರುತ್ತಾರೆ, ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುತ್ತಲೇ "ಹೊರಡೋಣವೇ?" ಎಂದು ಮುಂದಿನವರು ಎದ್ದುಬಿಡುತ್ತಾರೆ. ದಿನವಿಡೀ ಕೊನೆಯವನಿಗೆ ವಿಶ್ರಾಂತಿಯೇ ಇಲ್ಲ. ಅವನು ಬಂದ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಎಣಿಸಿ.

ತಿರುಗುವ ಜಾಗದಲ್ಲೇ ಶೂ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಪಾದದ ಕೀಲಿನ ಬಳಿ ಬಿಗಿಯಾಗಿ ಮತ್ತೆ ಕಟ್ಟಿ. ಸಡಿಲವಿದ್ದರೆ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಹೆಜ್ಜೆಹೆಜ್ಜೆಗೂ ಶೂಗೆ ಗುದ್ದುತ್ತದೆ, ಉಗುರು ಕಪ್ಪಾಗುತ್ತದೆ. ಬಿಗಿದು ಕಟ್ಟಲು ಬೇಕಾದ್ದು ಎರಡು ನಿಮಿಷ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.