ನೀರು ಇಳಿಯಿತು, ಮಗ ಮಾತೇ ಆಡುತ್ತಿಲ್ಲ: ಕೂರಿಸಿ ಬಾಯಿಬಿಡಿಸಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ರಾತ್ರಿ ರಾಜಕಾಲುವೆ ಉಕ್ಕಿ ನಮ್ಮ ಬಾಡಿಗೆ ಮನೆಗೆ ಸೊಂಟದವರೆಗೆ ನೀರು ಬಂತು. ಈಗ ತಂಗಿಯ ಮನೆಯಲ್ಲಿದ್ದೇವೆ. ಒಂಬತ್ತನೇ ಕ್ಲಾಸಿನ ಮಗ ಮೊದಲಿನ ಹಾಗಿಲ್ಲ. ರಾತ್ರಿ ಸರಿಯಾಗಿ ಮಲಗಲ್ಲ. ಕೇಳಿದರೆ ‘ಏನಿಲ್ಲ’ ಅಂತಾನೆ, ಮತ್ತೆ ಕೇಳಿದರೆ ರೇಗುತ್ತಾನೆ. ಕೂರಿಸಿಕೊಂಡು ಎಲ್ಲಾ ಹೇಳಿಸಬೇಕಾ, ತಾನಾಗಿಯೇ ಸರಿಹೋಗುತ್ತಾನೆ ಅಂತ ಬಿಡಬೇಕಾ?

ಉತ್ತರ: ಎರಡೂ ಬೇಡ. ಆ ರಾತ್ರಿಯ ಕಥೆಯನ್ನು ಈಗಲೇ ಹೊರಗೆಳೆಯಲು ಹೋಗಬೇಡಿ. ಹಾಗಂತ ಅವನ ಪಾಡಿಗೆ ಬಿಟ್ಟೂ ಬಿಡಬೇಡಿ. ಮೊದಲು ಅವನ ದಿನಗಳು ಒಂದು ಹದಕ್ಕೆ ಬರಲಿ. ನಾಳೆ ಸ್ಕೂಲಿಗೆ ಹೋಗ್ತೀನಾ? ಪುಸ್ತಕ ಎಲ್ಲಿಡಲಿ? ಎಷ್ಟು ದಿನ ಚಿಕ್ಕಮ್ಮನ ಮನೆಯಲ್ಲಿರಬೇಕು? ಅವನ ತಲೆಯಲ್ಲಿ ಓಡುತ್ತಿರುವುದು ಬಹುಶಃ ಇಂಥ ಪ್ರಶ್ನೆಗಳೇ.

ಅನಾಹುತ ಆದ ಕೂಡಲೇ ಎಲ್ಲರನ್ನೂ ಒಮ್ಮೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ತುಂಬಾ ಚಾಲ್ತಿಯಲ್ಲಿತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಎಂದು ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದು ಬೇಡ ಎನ್ನುತ್ತದೆ. 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರೇ ಮಾತು: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಅವನು ಹೇಳಿದರೆ ಕೇಳಿಸಿಕೊಳ್ಳಬೇಕು. ಹೇಳದಿದ್ದರೆ ಕೆದಕಬಾರದು.

ಇನ್ನು ಅವನು ಯಾಕೆ ಹೀಗಾಗಿದ್ದಾನೆ ಎಂಬುದು. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಅಪಾಯ ಕಂಡ ದೇಹವೂ ಹಾಗೇ ಕಾವಲು ಕಾಯುತ್ತದೆ. ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ಎಚ್ಚರ. ಓದಲು ಕೂತರೆ ಮನಸ್ಸು ನಿಲ್ಲದು. ಹೊಟ್ಟೆನೋವು, ತಲೆನೋವು. ಚಿಕ್ಕ ಮಕ್ಕಳಾದರೆ ಅಮ್ಮನ ಸೆರಗು ಹಿಡಿದುಕೊಂಡು ಅಳುತ್ತವೆ, ನಮಗೆ ಗೊತ್ತಾಗುತ್ತದೆ. ಹದಿಹರೆಯದವರು ಅಳುವುದಿಲ್ಲ, ಸಿಡುಕುತ್ತಾರೆ. ಹಾಳಾದ ಫ್ರಿಜ್ಜು, ಮುಳುಗಿದ ಬೈಕು, ಅಪ್ಪನ ಸಾಲ ಎಲ್ಲವನ್ನೂ ಅವರು ನೋಡಿರುತ್ತಾರೆ. ‘ಇವರಿಗೇ ಸಾಕಾಗಿದೆ, ನನ್ನದೊಂದು ಯಾಕೆ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಏನಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ನಿಮ್ಮ ಮೇಲಿನ ಪ್ರೀತಿಯೇ ಇರುತ್ತದೆ.

ನಾಚಿಕೆಯೂ ಇರುತ್ತದೆ. ತನ್ನ ಮನೆಯ ಹಾಸಿಗೆ, ಬಟ್ಟೆ ಕೊಳಚೆ ನೀರಿನಲ್ಲಿ ತೇಲಿದ್ದನ್ನು ಯಾರೋ ವಿಡಿಯೋ ಮಾಡಿ ಹಾಕಿರುತ್ತಾರೆ. ಕ್ಲಾಸಿನವರೆಲ್ಲ ನೋಡಿರುತ್ತಾರೆ. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಸಣ್ಣ ವಿಷಯ ಅಲ್ಲ.

ಬೆಂಗಳೂರಿನ ಮಕ್ಕಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ‘ಎಲ್ಲಾ ಮುಗೀತಲ್ಲ, ಇನ್ನೇನು ಭಯ?’ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಎಲ್ಲಿ ಮುಗಿದಿದೆ? 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿಯ ದತ್ತಾತ್ರೇಯನಗರ ಮುಳುಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್. ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆ ಕಿರಿದಾದರೆ, ಒತ್ತುವರಿಯಾದರೆ, ನೀರು ತಗ್ಗಿನ ಬೀದಿಗೇ ನುಗ್ಗುತ್ತದೆ. ಇದು ನಿಮ್ಮ ಮಗನಿಗೂ ಗೊತ್ತು. ಮೋಡ ಕವಿದಾಗ ಅವನು ಹೋಗಿ ಕಾಲುವೆ ಇಣುಕಿ ಬಂದರೆ ಅದನ್ನು ಹುಚ್ಚು ಎನ್ನಬೇಡಿ. ಆ ಭಯಕ್ಕೆ ಕಾರಣ ಇದೆ. ನಮ್ಮಲ್ಲಿ ಮಳೆ ಜಾಸ್ತಿ ಸುರಿಯುವ ಸೆಪ್ಟೆಂಬರ್ ಹೊತ್ತಿಗೇ ಅರ್ಧವಾರ್ಷಿಕ ಪರೀಕ್ಷೆಯೂ ಬರುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ ಅಂಕ ಕಡಿಮೆಯಾದರೆ ಆ ವರ್ಷ ಬೈಯಬೇಡಿ.

ಭಯ ಇದ್ದರೂ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ಆಗದಿದ್ದಾಗ, ಅದಕ್ಕೆ ಆ ಒಂದು ರಾತ್ರಿಗಿಂತ ಆಮೇಲಿನ ಅಲೆದಾಟವೇ ಎಷ್ಟೋ ಸಲ ಕಾರಣ. ಅಪಾರ್ಟ್‌ಮೆಂಟಿನವರು ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ಇದ್ದು, ಮನೆ ತೊಳೆಸಿ ವಾಪಸ್ ಬರುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರಿಗೆ ಆ ದಾರಿ ಇಲ್ಲ. ಶೆಡ್ಡು ಹೋದರೆ ಬೇರೆ ಏರಿಯಾ, ಇಲ್ಲವೇ ಊರು. ಹುಡುಗ ಸ್ಕೂಲು ಬಿಟ್ಟು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಇಳಿಯುತ್ತಾನೆ. ಹುಡುಗಿ ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತಾ ಉಳಿದುಬಿಡುತ್ತಾಳೆ. ಮನೆ ಕಳೆದುಕೊಂಡವರು ತಂಗುವ ಕಾಳಜಿ ಕೇಂದ್ರದಲ್ಲಿ ಬಟ್ಟೆ ಬದಲಿಸಲು ಮರೆ ಇಲ್ಲ, ಶೌಚಾಲಯಕ್ಕೆ ಚಿಲಕ ಇಲ್ಲ ಎಂದರೆ ದೊಡ್ಡ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಚಿಲಕ, ಪರದೆ, ಪ್ಯಾಡು, ಒಂದು ದೀಪ: ಇವೂ ಮನಸ್ಸಿನ ಆರೋಗ್ಯದ ವಿಷಯಗಳೇ. ಆಪ್ತಸಮಾಲೋಚಕರನ್ನು ಕಳಿಸುವ ಮೊದಲು ಇಷ್ಟನ್ನು ಮಾಡಿಸಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸ್ಕೂಲಿನ ವಿಷಯ ಮುಂದೂಡಬೇಡಿ. ಗೆಳೆಯರು, ಬೆಲ್ಲು, ಹೋಮ್‌ವರ್ಕು ಎಲ್ಲಾ ಸೇರಿ ದಿನಕ್ಕೆ ಒಂದು ಆಕಾರ ಕೊಡುತ್ತವೆ. ಆದಷ್ಟು ಹಳೇ ಸ್ಕೂಲೇ ಇರಲಿ, ಬಸ್ಸಿನಲ್ಲಿ ಅರ್ಧ ಗಂಟೆ ಜಾಸ್ತಿ ಆದರೂ ಪರವಾಗಿಲ್ಲ. ಬದಲಿಸಲೇಬೇಕಾದ ಚಿಕ್ಕ ಮಕ್ಕಳಿದ್ದರೆ ಒಂದು ವಿಷಯ ತಿಳಿದಿರಿ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದವರಿಗೆ ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ. ಮಗನ ಆಧಾರ್, ಸರ್ಟಿಫಿಕೇಟು ನೀರುಪಾಲಾಗಿದ್ದರೆ ಅವುಗಳ ನಕಲು ಪಡೆಯಬಹುದು ಎಂದು ಅವನಿಗೆ ಬಿಡಿಸಿ ಹೇಳಿ. ಎಷ್ಟೋ ಮಕ್ಕಳು ತಮ್ಮ ಭವಿಷ್ಯವೇ ಹೋಯಿತು ಎಂದುಕೊಂಡಿರುತ್ತಾರೆ.

ತಂಗಿಯ ಮನೆ ಚಿಕ್ಕದಿರಬಹುದು. ಆದರೂ ಒಂದು ಶೆಲ್ಫು, ಒಂದು ಮೂಲೆ ಅವನದು ಎಂದಾಗಲಿ. ಫೋನು ಕಸಿದುಕೊಳ್ಳಬೇಡಿ, ಗೆಳೆಯರು ಸಿಗುವುದೇ ಅದರಲ್ಲಿ. ಮಲಗುವ ಮುಂಚೆ ಪ್ರವಾಹದ ವಿಡಿಯೋ ನೋಡುವುದನ್ನು ಮಾತ್ರ ತಪ್ಪಿಸಿ.

ಮಾತು ಬೇಕೇ ಬೇಕು, ಆದರೆ ಎದುರು ಕೂತು ವಿಚಾರಣೆ ಮಾಡಿದ ಹಾಗಲ್ಲ. ಸೊಪ್ಪು ಬಿಡಿಸುತ್ತಾ, ಅಂಗಡಿಗೆ ನಡೆಯುತ್ತಾ ನಿಮ್ಮದನ್ನೇ ಮೊದಲು ಹೇಳಿ: ‘ಮಳೆ ಸದ್ದು ಕೇಳಿದ್ರೆ ನನಗೂ ಎದೆ ಧಸಕ್ ಅನ್ನುತ್ತೆ ಕಣೋ.’ ಅಷ್ಟಕ್ಕೇ ಸುಮ್ಮನಾಗಿ. ಅವನು ಮಾತಾಡಿದರೆ ತಡೆಯಬೇಡಿ, ತಿದ್ದಬೇಡಿ. ‘ಗಂಡುಹುಡುಗ ಆಗಿ ಹೆದರ್ತೀಯಾ’, ‘ಬೇರೆಯವರಿಗೆ ಇದಕ್ಕಿಂತ ಕಷ್ಟ ಬಂದಿದೆ’ ಎಂಬ ಮಾತುಗಳು ಬೇಡವೇ ಬೇಡ.

ತಿಂಗಳು ದಾಟಿದರೂ ಕೆಟ್ಟ ಕನಸು, ನಿದ್ದೆಗೇಡು, ಮಳೆ ಬಂದರೆ ಗಡಗಡ ನಡುಕ, ಸ್ಕೂಲಿಗೆ ಹೋಗಲಾರೆ ಎಂಬ ಹಟ ಮುಂದುವರಿದರೆ ತಜ್ಞರಿಗೆ ತೋರಿಸಿ. ಕೈ ಕೊಯ್ದುಕೊಳ್ಳುವುದು, ಕುಡಿತ, ಮಾದಕ ವಸ್ತು, ‘ನಾನಿಲ್ಲದಿದ್ರೆ ಚೆನ್ನಾಗಿತ್ತು’ ಎಂಬ ಮಾತು ಇದ್ದರೆ ಒಂದು ದಿನವೂ ಕಾಯಬೇಡಿ. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಒಂಟಿಯಾಗಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗನೇ ಮಾಡಬಹುದು, ನೀವೂ ಮಾಡಬಹುದು. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಬೇರೆ ವಿಭಾಗ ಇದೆ. ಅಲ್ಲಿಗೆ ಹೋದವರೆಲ್ಲ ‘ಮೆಂಟಲ್’ ಅಲ್ಲ, ನೆಂಟರು ಏನೇ ಅನ್ನಲಿ. ಇಂಥ ಆಘಾತಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ. ಭಯದ ನೆನಪನ್ನು ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವಾಗಿ ಎದುರಿಸುವುದನ್ನು ತಜ್ಞರು ಕಲಿಸುತ್ತಾರೆ. ಆ ರಾತ್ರಿಯ ಕಥೆ ಹೇಳಬೇಕಾದ ಜಾಗ ಅದು. ಯಾರೋ ಹೇಳಿದರೆಂದು ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ.

ಹಳೇ ಮನೆಗೇ ವಾಪಸ್ ಹೋಗುವುದಾದರೆ ಮೊದಲು ಹಗಲಲ್ಲಿ, ಬಿಸಿಲಿರುವ ದಿನ ಅವನನ್ನು ಕರೆದುಕೊಂಡು ಹೋಗಿ. ಮತ್ತೆ ಮಳೆ ಬಂದರೆ ಏನು ಮಾಡಬೇಕು ಎಂಬುದನ್ನು ಅಲ್ಲೇ ಅವನ ಜೊತೆ ಕೂತು ಗೊತ್ತು ಮಾಡಿ. ದಾಖಲೆಗಳ ಚೀಲ ಅಟ್ಟದ ಮೇಲೆ ಎಲ್ಲಿಡೋದು, ಮೇನ್ ಸ್ವಿಚ್ ಯಾರು ಆಫ್ ಮಾಡೋದು, ನೀರು ಹೊಸಿಲಿಗೆ ಬರುವ ಮುಂಚೆ ಯಾರ ಮನೆಗೆ ಹೋಗೋದು. ಒಂದೆರಡು ಕೆಲಸ ಅವನಿಗೇ ಒಪ್ಪಿಸಿ, ಇಡೀ ಮನೆಯ ಹೊಣೆಯನ್ನಲ್ಲ. ಒಳಗೆ ಬರಲು ಅವನಿಗೆ ಆಗದಿದ್ದರೆ ಬಲವಂತ ಬೇಡ, ಹೊರಗೆ ಸ್ವಲ್ಪ ಹೊತ್ತು ನಿಂತು ಬಂದರೂ ಸಾಕು. ಇನ್ನೊಂದು ದಿನ ಮತ್ತೆ ಹೋಗಿ.