ಪಾರ್ಮೆನಿಡೀಸನಿಗೆ ‘ಅಲ್ಲ’ ಸಿಕ್ಕಿದ್ದರೆ

ಗ್ರೀಕ್ ತತ್ತ್ವಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವಾಗ ಪಾರ್ಮೆನಿಡೀಸ್ ಬಂದ ದಿನ ತರಗತಿಯಲ್ಲಿ ಗಲಾಟೆ ಖಂಡಿತ. ಹುಟ್ಟಿಲ್ಲ, ಸಾವಿಲ್ಲ, ಚಲನೆಯಿಲ್ಲ, ಇರುವುದು ಒಂದೇ ಎನ್ನುವ ಈತನನ್ನು ಯಾರಾದರೊಬ್ಬರು ತಕ್ಷಣ ಶಂಕರಾಚಾರ್ಯರ ಪಕ್ಕದಲ್ಲಿ ಕೂರಿಸುತ್ತಾರೆ. ನಾನು ಎಬ್ಬಿಸುತ್ತೇನೆ. ಶಂಕರರು ಶ್ರುತಿಯನ್ನು ಆಧರಿಸಿ ಮಾತಾಡಿದವರು. ಈತ ಒಂದೇ ಒಂದು ಕ್ರಿಯಾಪದವನ್ನು ಹಿಡಿದು ಹೊರಟವನು. ತನ್ನ ಕಾವ್ಯದಲ್ಲಿ ಎಲ್ಲವನ್ನೂ ದೇವಿಯೊಬ್ಬಳ ಬಾಯಿಂದ ಹೇಳಿಸುತ್ತಾನೆ, ನಿಜ. ಆದರೆ ನನ್ನ ಮಾತನ್ನು ವಿವೇಚನೆಯಿಂದ ತೂಗಿ ನೋಡು ಎನ್ನುವವಳೂ ಆ ದೇವಿಯೇ.

ದಕ್ಷಿಣ ಇಟಲಿಯ ಎಲಿಯಾ ಎಂಬ ಗ್ರೀಕ್ ವಸಾಹತು ಅವನ ಊರು. ಕಾಲ ಕ್ರಿ.ಪೂ. 5ನೇ ಶತಮಾನದ ಆರಂಭ. ಕಾವ್ಯದಲ್ಲಿ ಉಳಿದಿರುವುದು ಸುಮಾರು 150 ಸಾಲು. ಅದೂ ಸಾವಿರ ವರ್ಷಗಳ ನಂತರ ಸಿಂಪ್ಲಿಕಿಯಸ್ ಎಂಬ ವ್ಯಾಖ್ಯಾನಕಾರ, ಈ ಪುಸ್ತಕ ಸಿಗುವುದೇ ಅಪರೂಪವೆಂದು ಉದ್ದುದ್ದ ಭಾಗಗಳನ್ನು ನಕಲು ಮಾಡಿಟ್ಟಿದ್ದರಿಂದ.

ಅವನ ವಾದ ಇಷ್ಟು: ‘ಇದೆ’ ಎನ್ನಬಹುದು. ‘ಇಲ್ಲ’ವನ್ನು ಯೋಚಿಸಲೂ ಆಗದು, ಆಡಲೂ ಆಗದು. ಹುಟ್ಟುವುದೆಂದರೆ ಇಲ್ಲದ್ದರಿಂದ ಬರುವುದು. ಇಲ್ಲದ್ದೇ ಇಲ್ಲವಾದ್ದರಿಂದ ಹುಟ್ಟೂ ಇಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ ಎರಡು ವಸ್ತುಗಳೂ ಇರಲಾರವು, ಏಕೆಂದರೆ ಇದು ಅದಲ್ಲ ಎನ್ನಬೇಕಾಗುತ್ತದೆ.

ಇಲ್ಲಿ ಕನ್ನಡದ ಕಿವಿ ನಿಮಿರಬೇಕು. ‘ಪಾತ್ರೆಯಲ್ಲಿ ಹಾಲಿಲ್ಲ’ ಬೇರೆ, ‘ಇದು ಹಾಲಲ್ಲ’ ಬೇರೆ. ನಮ್ಮ ಮನೆಯ ಮಕ್ಕಳೂ ಇವೆರಡನ್ನು ಬೆರೆಸುವುದು ಕಡಿಮೆ. ಗ್ರೀಕಿನಲ್ಲಿ ಎರಡಕ್ಕೂ ‘ಊಕ್ ಎಸ್ತಿ’ ಸಾಕು. ಈ ಗಂಟನ್ನು ಬಿಡಿಸಲು ಪ್ಲೇಟೊಗೆ ‘ಸೋಫಿಸ್ಟ್’ ಎಂಬ ಸಂವಾದವೇ ಬೇಕಾಯಿತು. ಅದರಲ್ಲಿ ಎಲಿಯಾದಿಂದಲೇ ಬಂದ ಅತಿಥಿಯೊಬ್ಬ, ನನ್ನನ್ನು ಪಿತೃಹಂತಕನೆಂದು ತಿಳಿಯಬೇಡಿ ಎಂದು ಅಳುಕುತ್ತಲೇ ತನ್ನ ಗುರು ಪಾರ್ಮೆನಿಡೀಸನ ಮಾತನ್ನು ಮುರಿಯುತ್ತಾನೆ: ಇರದಿರುವಿಕೆ ಎಂದರೆ ಇರವಿನ ವಿರೋಧವಲ್ಲ, ಬೇರೆಯಾಗಿರುವುದು. ಅಂದರೆ ‘ಇಲ್ಲ’ದೊಳಗೆ ಅಡಗಿದ್ದ ‘ಅಲ್ಲ’ವನ್ನು ಅವನು ಹೊರಗೆಳೆದ.

ಹಾಗಾದರೆ ಕನ್ನಡಿಗನಾಗಿದ್ದರೆ ಪಾರ್ಮೆನಿಡೀಸ್ ಎಡವುತ್ತಿರಲಿಲ್ಲವೇ ಎಂದು ವಿದ್ಯಾರ್ಥಿಗಳು ಬೀಗುತ್ತಾರೆ. ಅಷ್ಟು ಸುಲಭವಲ್ಲ. ‘ಅಲ್ಲ’ ಬಗೆಹರಿಸುವುದು ಬಹುತ್ವದ ತೊಡಕನ್ನು ಮಾತ್ರ. ಹುಟ್ಟಿನ ಪ್ರಶ್ನೆ ‘ಇಲ್ಲ’ದಲ್ಲೇ ಸಿಕ್ಕಿಕೊಂಡಿರುತ್ತದೆ. ನಿನ್ನೆ ಇಲ್ಲದ ವಿಗ್ರಹ ಇಂದು ಎಲ್ಲಿಂದ ಬಂತು? ಶೂನ್ಯದಿಂದಲ್ಲ, ಹಾಗಾಗಬಲ್ಲ ಕಂಚಿನಿಂದ ಎಂದ ಅರಿಸ್ಟಾಟಲ್. ಇರುವುದು, ಇಲ್ಲದಿರುವುದು ಇವುಗಳ ನಡುವೆ ‘ಆಗಬಲ್ಲದ್ದು’ ಎಂಬ ಮೂರನೆಯದಕ್ಕೆ ಜಾಗ ಕೊಟ್ಟ. ನನಗೆ ಒಪ್ಪಿಗೆಯಾಗುವ ಉತ್ತರ ಇದೇ.

ಆದರೆ ಹೆಚ್ಚು ಎದೆಗಾರಿಕೆ ಕಾಣುವುದು ಅದಕ್ಕೂ ಮೊದಲಿನ ಪರಮಾಣುವಾದಿಗಳಾದ ಲ್ಯೂಸಿಪ್ಪಸ್ ಮತ್ತು ಡೆಮಾಕ್ರಿಟಸ್ ಅವರಲ್ಲಿ. ಪರಮಾಣುಗಳು ಓಡಾಡಲು ಬಯಲು ಬೇಕಲ್ಲ? ಆ ಬಯಲನ್ನೇ ಅವರು ‘ಇಲ್ಲದ್ದು’ ಎಂದು ಕರೆದು, ಅದೂ ಇರುವುದರಷ್ಟೇ ಇದೆ ಎಂದರು. ‘ಇಲ್ಲದ್ದು ಇದೆ’ ಎಂದು ಕಪ್ಪುಹಲಗೆಯ ಮೇಲೆ ಬರೆಯುವಾಗ ಇಷ್ಟು ವರ್ಷಗಳಾದರೂ ನನ್ನ ಸೀಮೆಸುಣ್ಣ ಒಂದು ಕ್ಷಣ ತಡೆಯುತ್ತದೆ.