ಯು ಇಲ್ಲದ ಕ್ಯೂ

ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಕೊನೆಗೆ ಕ್ಯೂ (Q) ಬಿಲ್ಲೆ ಕೈಯಲ್ಲೇ ಉಳಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಲೆಕ್ಕದಲ್ಲಿ 10 ಅಂಕ ಕಳೆಯುತ್ತಾರೆ, ಬಿಲ್ಲೆ ಮುಗಿಸಿದ ಎದುರಾಳಿಗೆ ಅದೇ 10 ಸೇರಿಸುತ್ತಾರೆ. ಒಟ್ಟು 20 ಅಂಕದ ಏಟು. ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳ ಎದುರು ಕೂತು, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕ್ಯೂ ಬೆನ್ನಿಗೆ ಯು (U) ಇರುತ್ತದಲ್ಲ, ಅದು ಬರಲಿ ಅಂತ ಕಾದು ಕಾದು ಸೋತೆ. ಆಟ ಮುಗಿದ ಮೇಲೆ ಅವಳು ನನ್ನ ಬಿಲ್ಲೆಗಳನ್ನು ನೋಡಿ, "ನಿಮ್ಮ ಹತ್ರ ಐ ಇತ್ತಲ್ವಾ ಚಿಕ್ಕಪ್ಪ? ಕ್ಯೂ, ಐ ಅಂತ ಇಟ್ಟಿದ್ರೆ ಆಗ್ತಿತ್ತು" ಅಂದಳು.

ಎರಡೇ ಅಕ್ಷರದ ಈ ಪದವನ್ನು 'ಚೀ' ಎಂದು ಓದಬೇಕು. ಮೈಯೊಳಗೆ ಹರಿಯುವ ಪ್ರಾಣಶಕ್ತಿಗೆ ಚೀನೀಯರ ಹೆಸರು ಅದು. ಉತ್ತರ ಅಮೆರಿಕದ ಆಟಗಾರರ ಪದಪಟ್ಟಿಗೆ ಅದು ಸೇರಿದ್ದು 2006ರಲ್ಲಿ. ಬೆಲೆ 11 ಅಂಕ. ಆದರೆ ಅಕ್ಷರದ ಬೆಲೆ ಮೂರು ಪಟ್ಟಾಗುವ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೊಂದು ಉದ್ದಕ್ಕೊಂದು ಐ ಕೂಡಿಸಿದರೆ ಒಂದೇ ಏಟಿಗೆ 62!

ಈ ಆಟವನ್ನು ಹುಟ್ಟುಹಾಕಿ ಈ ಬೆಲೆಗಳನ್ನು ಕಟ್ಟಿದವರು ಆಲ್ಫ್ರೆಡ್ ಬಟ್ಸ್. ನ್ಯೂಯಾರ್ಕಿನ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿತ್ತು. ಪತ್ರಿಕೆಯ ಪುಟಗಳನ್ನು ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದರು. ಜಾಸ್ತಿ ಬರುವ ಇ ಅಕ್ಷರಕ್ಕೆ 12 ಬಿಲ್ಲೆ, ಅಪರೂಪದ ಕ್ಯೂಗೆ ಒಂದೇ ಒಂದು. 100 ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕು. ಅದನ್ನೇ ನಂಬಿ ಕೂತರೆ ನನ್ನ ಗತಿಯೇ.

ಅಷ್ಟಕ್ಕೂ ಕ್ಯೂ ಹಿಂದೆ ಯು ಯಾಕೆ ಅಂಟಿಕೊಂಡಿತು? ಅದು ರೋಮನ್ನರ ಅಭ್ಯಾಸ. ಲ್ಯಾಟಿನ್‌ನಲ್ಲಿ 'ಕ' ಸದ್ದಿಗೆ ಮೂರು ಅಕ್ಷರಗಳಿದ್ದವು: ಸಿ, ಕೆ, ಕ್ಯೂ. ಕೊನೆಗೆ ಕ್ಯೂ ಪಾಲಿಗೆ ಉಳಿದದ್ದು 'ಕ್ವ' ಮಾತ್ರ, ಅದನ್ನು ಕ್ಯೂ, ಯು ಸೇರಿಸಿ ಬರೆಯುತ್ತಿದ್ದರು. ಹಳೆಯ ಇಂಗ್ಲಿಷಿಗೆ ಅದೂ ಬೇಕಿರಲಿಲ್ಲ. ಕ್ವೀನ್ ಪದವನ್ನು ಸಿ, ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ರೂಢಿಯ ಬರಹಗಾರರು ಬಂದು ಅಲ್ಲಿ ಕ್ಯೂ, ಯು ಕೂರಿಸಿದರು. ನಮ್ಮಲ್ಲಾದರೆ ಇಂಥ ಅಕ್ಷರ ಬಾಳುತ್ತಿರಲಿಲ್ಲ ಅನಿಸುತ್ತದೆ. ಹಳಗನ್ನಡದ 'ಬಾೞೆ' ಬಾಯಲ್ಲಿ ಬಾಳೆ ಆದಮೇಲೆ ೞ ಅಕ್ಷರವನ್ನೇ ಬಿಟ್ಟವರು ನಾವು.

ಹಾಗಾಗಿ ಯು ಇಲ್ಲದ ಕ್ಯೂ ಕಂಡರೆ ಆ ಪದ ಹೊರಗಿನಿಂದ ಬಂದದ್ದು ಅಂತ ಹೆಚ್ಚುಕಮ್ಮಿ ಹೇಳಿಬಿಡಬಹುದು. ಚೀನೀಯರು 1958ರಲ್ಲಿ ತಮ್ಮ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ಪಿನ್‌ಯಿನ್ ಪದ್ಧತಿ ತಂದಾಗ, ಖಾಲಿ ಕೂತಿದ್ದ ಕ್ಯೂಗೆ 'ಚ'ದ ಹತ್ತಿರದ ಒಂದು ಸದ್ದನ್ನು ಕೊಟ್ಟರು. 'ಚೀ' ಪದವನ್ನು ಕ್ಯೂ, ಐ ಅಂತ ಬರೆಯುವುದು ಬಂದದ್ದು ಹಾಗೆ.

ಆದರೆ ದೊಡ್ಡ ಗುಂಪು ಅರಬ್ಬಿ ಪದಗಳದ್ದು. ಅರಬ್ಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮದೇ ತರದ್ದು. ಇನ್ನೊಂದನ್ನು ನಾಲಿಗೆಯ ಬುಡ ಕಿರುನಾಲಿಗೆಗೆ ತಾಗುವ ಹಾಗೆ ಗಂಟಲಿನ ಆಳದಿಂದ ಹೇಳಬೇಕು. ಅದರ ಹೆಸರು ಕಾಫ್. ಕನ್ನಡದಲ್ಲಿ ನಾವು ಕ ಇಲ್ಲವೇ ಖ ಹಾಕಿ ಸುಮ್ಮನಾಗುತ್ತೇವೆ. ಇಂಗ್ಲಿಷಿನ ಪಂಡಿತರು ಇದಕ್ಕೆಂದೇ ಕ್ಯೂ ಬಳಸಿದರು. ಮಜಾ ಏನೆಂದರೆ, ಕ್ಯೂ ಮತ್ತು ಕಾಫ್ ಎರಡರ ಮೂಲವೂ ಮೆಡಿಟರೇನಿಯನ್ ತೀರದ ಪ್ರಾಚೀನ ಜನ ಫಿನಿಷಿಯನ್ನರ ಒಂದೇ ಅಕ್ಷರ. ಸಾವಿರಾರು ವರ್ಷ ಬೇರೆಬೇರೆ ಊರು ಸುತ್ತಿದ ದಾಯಾದಿಗಳು ಇಲ್ಲಿ ಮತ್ತೆ ಒಟ್ಟಾದರು. ಅದೇ ಅಕ್ಷರದ ಹೀಬ್ರೂ ಹೆಸರನ್ನೂ ಆಟದಲ್ಲಿ ಇಡಬಹುದು: ಕ್ಯೂ, ಒ, ಪಿ, ಎಚ್. 18 ಅಂಕ.

ಈ ಪದಗಳನ್ನು ಉರು ಹೊಡೆಯುವ ಕಷ್ಟ ನಮಗಿಲ್ಲ. ಫಕೀರ, ತಲಾಖ್, ಖಾಜಿ ಎಲ್ಲ ನಾವು ದಿನಾ ಕೇಳುವವೇ. ಫಕೀರನಂತೂ ಪಟ್ಟಿಯಲ್ಲಿ ನಾಲ್ಕು ವೇಷ ಹಾಕಿ ಕೂತಿದ್ದಾನೆ. ಕೆ ಹಾಕಿ ಐದಕ್ಷರದಲ್ಲಿ ಬರೆದರೆ 12 ಅಂಕ, ಅದೇ ಜಾಗಕ್ಕೆ ಕ್ಯೂ ಹಾಕಿದರೆ 17. 'ಕನಾತ್' ಕೂಡ ಇದೆ: ಕ್ಯೂ, ಎ, ಎನ್, ಎ, ಟಿ. ಇಳಿಜಾರಿನಲ್ಲಿ ನೆಲದಡಿಯೇ ನೀರು ಹರಿಸುವ ಸುರಂಗ ಕಾಲುವೆ, ಮೇಲಿನಿಂದ ಸಾಲಾಗಿ ಬಾವಿಯಂಥ ಕಂಡಿಗಳು. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ಕೆಂಪು ಕಲ್ಲನ್ನು ಕೊರೆದು ಮಾಡಿದ ಕರೇಜ್ ಇದೇ ಜಾತಿಯದು.

ಇದನ್ನೆಲ್ಲ ಅಣ್ಣನ ಮಗಳಿಗೆ ವಿವರವಾಗಿ ಹೇಳಿದ್ದೆ, ತಪ್ಪು ನನ್ನದೇ. ಮೊನ್ನೆಯ ಆಟದಲ್ಲಿ ಅವಳು ಕನಾತ್ ಇಟ್ಟು ಬಿಲ್ಲೆ ಮುಗಿಸಿದಳು. ನನ್ನ ಕೈಯಲ್ಲಿ 2 ಯು ಉಳಿದಿದ್ದವು.